ವೆಲ್ಡರ್ ದೇಶದ ಹೊಸ ವರ್ಷ

ಜನವರಿ 11

ಪ್ರೀತಿಯ ತಮ್ಮನಿಗೆ,

ನಿಮ್ಮ ಕ್ಯಾಂಪಿಗೆ ಫೋನು ಸಿಗುವುದಿಲ್ಲವೆಂದು ನಾನು ಬೈದುಕೊಳ್ಳದ ದಿನವಿಲ್ಲ. ಈ ಸಲ ಮಾತ್ರ ಅದೇ ಒಳ್ಳೆಯದಾಯಿತು ಅನ್ನಿಸುತ್ತಿದೆ. ನನಗೆ ಬೇಕಾಗಿರುವುದು ಫೋನಿನ ಮಾತಲ್ಲ, ಮಕ್ಕಳ ಮುಂದೆ ಲಕೋಟೆ ಹರಿದು ಓದುವಂಥ ಕಾಗದ.

ವಿಷಯ ಇಷ್ಟು. ನನ್ನ ಒಂದನೇ ತರಗತಿಗೆ ಎರಡು ತಿಂಗಳ ಹಿಂದೆ ಹೊಸ ಹುಡುಗಿಯೊಬ್ಬಳು ಸೇರಿದಳು. ಬೇರೆ ದೇಶದಿಂದ ಬಂದ ಮನೆಯವರು. ಅಪ್ಪ ನಿಮ್ಮ ಸುರಂಗದ ಕ್ಯಾಂಪಿನಂಥ ಕಡೆಯೇ ಎಲ್ಲೋ ಬೆಟ್ಟ ಕೊರೆಯುವ ಕೆಲಸದಲ್ಲಿದ್ದಾರಂತೆ. ಹುಡುಗಿ ಹಿಡಿಯಷ್ಟಿದ್ದಾಳೆ, ಅದಕ್ಕೇ ಮಕ್ಕಳೆಲ್ಲ ಗುಬ್ಬಿ ಎನ್ನುತ್ತಾರೆ. ಬಂದಾಗಿನಿಂದ ತರಗತಿಯಲ್ಲಿ ಒಂದೇ ಒಂದು ಮಾತಾಡಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಬರೆಯುತ್ತಾಳೆ, ಬಾಯಿ ಮಾತ್ರ ಬಿಡುವುದಿಲ್ಲ.

ಮೊನ್ನೆ ‘ನಮ್ಮ ಹಬ್ಬಗಳು’ ಪಾಠ. ಗೋಡೆಗೆ ಚಾರ್ಟು ಹಾಕಿದ್ದೆ, ಅದರಲ್ಲಿ ಐದು ಚಿತ್ರ. ಒಬ್ಬೊಬ್ಬರೇ ಬಂದು ತಮ್ಮ ಮನೆಯ ಹಬ್ಬ ಯಾವುದೆಂದು ಬೆರಳಿಟ್ಟು ತೋರಿಸಬೇಕು. ಗುಬ್ಬಿಯ ಸರದಿ ಬಂತು. ಐದೂ ಚಿತ್ರದ ಮೇಲೆ ಬೆರಳು ಓಡಾಡಿತು. ಕೊನೆಗೆ ಚಾರ್ಟಿನ ಅಂಚು ದಾಟಿ ಪಕ್ಕದ ಬರಿ ಗೋಡೆಯ ಮೇಲೆ ನಿಂತಿತು.

“ಟೀಚರ್, ಇವ್ಳಿಗೆ ಹಬ್ಬಾನೇ ಇಲ್ಲ!” ಎಂದು ಒಬ್ಬ ಕೂಗಿದ. ಮೂವತ್ತು ಮಕ್ಕಳು ನಕ್ಕರು. ನಾನು ನಗಲಿಲ್ಲ. ಹದಿನೇಳು ವರ್ಷದಿಂದ ಅದೇ ಚಾರ್ಟನ್ನು ಅದೇ ಮೊಳೆಗೆ ತೂಗುಹಾಕುತ್ತಾ ಬಂದವಳಿಗೆ ಆ ಬರಿ ಗೋಡೆ ಇದೆ ಅನ್ನುವುದೇ ಹೊಳೆದಿರಲಿಲ್ಲ.

ಈಗ ನಿನ್ನ ಕೆಲಸ. ಹನ್ನೊಂದು ದೇಶದವರಿಗೆ ಅಡುಗೆ ಮಾಡಿ ಹಾಕುತ್ತೇನೆಂದು ಜಂಬ ಕೊಚ್ಚುತ್ತೀಯಲ್ಲ, ಅವರನ್ನೆಲ್ಲ ಒಬ್ಬೊಬ್ಬರಾಗಿ ಕೇಳು. ಐದಾರು ವರ್ಷದ ಮಕ್ಕಳಾಗಿದ್ದಾಗ ಹಬ್ಬದ ದಿನ ಏನು ಮಾಡುತ್ತಿದ್ದರು? ಏನು ತಿಂದರು, ಎಲ್ಲಿ ಹಾರಿದರು, ಏನು ಒಡೆದರು, ಯಾರ ಕೈಲಿ ಬೈಸಿಕೊಂಡರು, ಎಲ್ಲ ಬರೆ. ನಿನ್ನ ಅಡುಗೆಗೆ ಹಾಕುವ ಒಗ್ಗರಣೆಯನ್ನು ಇದಕ್ಕೆ ಮಾತ್ರ ಹಾಕಬೇಡ.

ನಿನ್ನ ಅಕ್ಕ

---

ಜನವರಿ 29

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ದಿನಸಿ ಲಾರಿಯಲ್ಲಿ ಆಲೂಗಡ್ಡೆ ಮೂಟೆಗಳ ನಡುವೆ ಕೂತು ಆರಾಮವಾಗಿ ಬಂತು. ಲಾರಿ ಬರುವುದು ಹತ್ತು ದಿನಕ್ಕೊಮ್ಮೆ. ಹಾಗಾಗಿ ಉತ್ತರ ತಡವಾದರೆ ತಮ್ಮ ಸತ್ತ ಅಂದುಕೊಳ್ಳಬೇಡ. ಮಧ್ಯಾಹ್ನ ಮೂರು ಗಂಟೆ, ಹಂಡೆಗಳು ನೆನೆಯುತ್ತಿವೆ, ನನಗೆ ಒಂದು ತಾಸು ಬಿಡುವು. ಬರೆಯುತ್ತೇನೆ.

ಮೊದಲು ನಮ್ಮ ಬಡಗಿ. ಸುರಂಗದೊಳಗೆ ಕಾಂಕ್ರೀಟಿಗೆ ಹಲಗೆ ಕಟ್ಟುವವನು. ನನ್ನ ಭುಜಕ್ಕೂ ಬರುವುದಿಲ್ಲ. ಅವನ ದೇಶದಲ್ಲಿ ಹೊಸ ವರ್ಷದ ಹಿಂದಿನ ರಾತ್ರಿ ಗಡಿಯಾರ ಹನ್ನೆರಡು ಹೊಡೆಯುವಾಗ ಮಕ್ಕಳೆಲ್ಲ ಎಷ್ಟು ಎತ್ತರ ಆಗುತ್ತದೋ ಅಷ್ಟು ಎತ್ತರ ಹಾರಬೇಕಂತೆ. ಹಾರಿದವರು ಆ ವರ್ಷ ಉದ್ದ ಬೆಳೆಯುತ್ತಾರೆ. “ನೀನು ಹಾರ್ಲಿಲ್ವಾ?” ಎಂದೆ. “ಪ್ರತಿ ವರ್ಷ ಹನ್ನೊಂದೂವರೆಗೇ ನಿದ್ದೆ ಹೋಗ್ಬಿಡ್ತಿದ್ದೆ. ನೋಡು, ಇಷ್ಟೇ ಉಳ್ದೆ” ಅಂದ.

ಕ್ರೇನ್ ನಡೆಸುವವನ ಊರಲ್ಲಿ ಅದೇ ಹನ್ನೆರಡು ಹೊಡೆತಕ್ಕೆ ಹನ್ನೆರಡು ದ್ರಾಕ್ಷಿ. ಒಂದು ಹೊಡೆತಕ್ಕೆ ಒಂದು, ತಪ್ಪುವ ಹಾಗಿಲ್ಲ. ಅವನ ಅತ್ತೆ ಒಬ್ಬಳು ಎಂಟನೆಯದಕ್ಕೆ ಬರುವಷ್ಟರಲ್ಲಿ ಕೋತಿಯ ಹಾಗೆ ಎರಡೂ ಕೆನ್ನೆ ಉಬ್ಬಿಸಿಕೊಂಡು ನಗು ತಡೆಯಲಾರದೆ ಎಲ್ಲರ ಮೇಲೂ ಉಗಿದುಬಿಡುತ್ತಿದ್ದಳಂತೆ.

ಸರ್ವೆಯವನದು ಇನ್ನೂ ಚೆನ್ನ. ಬಿರುಕು ಬಿಟ್ಟ ತಟ್ಟೆಗಳನ್ನು ವರ್ಷವಿಡೀ ಕೂಡಿಟ್ಟು ಹೊಸ ವರ್ಷಕ್ಕೆ ಗೆಳೆಯರ ಮನೆ ಬಾಗಿಲಿಗೆ ಎಸೆದು ಒಡೆಯುವುದು. ಯಾರ ಬಾಗಿಲಲ್ಲಿ ಚೂರಿನ ರಾಶಿ ದೊಡ್ಡದೋ ಅವರಿಗೆ ಗೆಳೆಯರು ಹೆಚ್ಚು. ಅಮ್ಮನಿಗೆ ಇದು ಗೊತ್ತಿದ್ದಿದ್ದರೆ ನನ್ನ ಬೆನ್ನು ಎಷ್ಟೋ ಉಳಿಯುತ್ತಿತ್ತು, ಅಲ್ಲವೇ?

ಇಲ್ಲಿ ನಾವೂ ಈ ಹೊಸ ವರ್ಷಕ್ಕೆ ಎಲ್ಲ ಸೇರಿ ಹಾರಿದೆವು, ದ್ರಾಕ್ಷಿ ತಿಂದೆವು. ತಿಂಗಳಿಗೊಂದು ಹಬ್ಬ ನಮ್ಮದು. ನಿಮ್ಮ ಶಾಲೆಗಿಂತ ನಮಗೇ ರಜೆ ಹೆಚ್ಚೆಂದು ಮಕ್ಕಳಿಗೆ ಹೇಳು, ಹೊಟ್ಟೆ ಉರಿದುಕೊಳ್ಳಲಿ.

ನಿನ್ನ ತಮ್ಮ

---

ಫೆಬ್ರವರಿ 12

ತಮ್ಮಾ,

ನಿನಗೆ ನಮ್ಮಲ್ಲಿ ಹೊಸ ಹೆಸರು ಬಿದ್ದಿದೆ: ಸೌಟು ಮಾಮ. ದೇಶಗಳಿಗೂ ಹೊಸ ಹೆಸರು. ಭೂಪಟದಲ್ಲಿ ಅಸಲಿ ಹೆಸರು ತೋರಿಸಿ ಓದಿಸಿದರೂ ಮಕ್ಕಳ ಬಾಯಲ್ಲಿ ಉಳಿದಿರುವುದು ಬಡಗಿ ದೇಶ, ಕ್ರೇನ್ ದೇಶ, ಸರ್ವೆ ದೇಶ.

ಕಾಗದ ಓದಿ ಮುಗಿಸುವ ಮೊದಲೇ ಹಾರುವ ಹಟ ಶುರುವಾಯಿತು. ನಾನು ಮೇಜಿಗೆ ಡಸ್ಟರ್ ಕುಟ್ಟಿ ಹನ್ನೆರಡು ಎಣಿಸಿದೆ. ಮೂವತ್ತೊಂದು ಮಕ್ಕಳು, ಹನ್ನೆರಡು ಸಲ. ನಮ್ಮ ಕೋಣೆ ಮಹಡಿಯ ಮೇಲೆ, ಸರಿಯಾಗಿ ಕೆಳಗೆ ಹೆಡ್ ಮೇಡಂ ಕೋಣೆ ಎನ್ನುವುದು ನನಗೆ ಹನ್ನೊಂದನೆಯ ನೆಗೆತದಲ್ಲಿ ನೆನಪಾಯಿತು. ಅವರ ಟೀ ಲೋಟಕ್ಕೆ ಚಾವಣಿಯ ಸುಣ್ಣ ಉದುರಿತ್ತು. ಸ್ವಲ್ಪ ಗರಂ ಆದರು, ಅಷ್ಟೇ. ಹೆಚ್ಚೇನಿಲ್ಲ.

ಗುಬ್ಬಿ ಕೂಡ ಹಾರಿದಳು. ಸದ್ದಿಲ್ಲದೆ, ತುಟಿ ಕಚ್ಚಿಕೊಂಡು, ಆದರೆ ಎಲ್ಲರಿಗಿಂತ ಎತ್ತರ.

ಈಗ ನಿನ್ನ ಕಾಗದಗಳನ್ನು ಊಟದ ಬಿಡುವಿನಲ್ಲಿ ಮೆಟ್ಟಿಲ ಕೆಳಗೆ ಕೂತು ಓದುತ್ತೇವೆ. ಹೊಟ್ಟೆ ತುಂಬಿದ ಮೇಲೆ ಮಕ್ಕಳು ಚೆನ್ನಾಗಿ ಕೇಳುತ್ತಾರೆ.

ಒಂದು ಮುಖ್ಯ ಕೆಲಸ. ಗುಬ್ಬಿಯ ತಾಯಿ ಸಂಜೆ ಕರೆದೊಯ್ಯಲು ಬಂದಾಗ ಕ್ಯಾಲೆಂಡರ್ ತೋರಿಸಿ ಕೈಸನ್ನೆಯಲ್ಲೇ ವಿಚಾರಿಸಿದೆ. ವಸಂತದ ಮೊದಲ ದಿನವೇ ಅವರ ಹೊಸ ವರ್ಷ. ನಿಮ್ಮ ವೆಲ್ಡರ್ ಅದೇ ದೇಶದವನೆಂದು ನೀನು ಹಿಂದೆ ಬರೆದ ನೆನಪು. ಅವನನ್ನು ಬಿಡಬೇಡ. ಎಲ್ಲ ಕೇಳಿ ಬರೆ. ಆ ಕಾಗದ ಓದುವ ದಿನ ಗುಬ್ಬಿಯನ್ನು ನನ್ನ ಕುರ್ಚಿಯ ಮೇಲೆ ಕೂರಿಸುತ್ತೇನೆ.

ಅಕ್ಕ

---

ಮಾರ್ಚ್ 9

ಅಕ್ಕಾ,

ವೆಲ್ಡರ್ ಬಾಯಿ ಬಿಡಿಸುವುದಕ್ಕಿಂತ ಕಲ್ಲು ಹಿಂಡಿ ನೀರು ತೆಗೆಯುವುದು ಸುಲಭ. ಉಪ್ಪು ಬೇಕಾದರೂ ಬೆರಳು ತೋರಿಸುವ ಆಸಾಮಿ. ಆದರೆ ನಿನ್ನ ಗುಬ್ಬಿಯ ವಿಷಯ ಹೇಳಿದ್ದೇ ತಡ, ಖಾಲಿ ಬಕೆಟ್ಟು ಬೋರಲು ಹಾಕಿ ಕೂತುಬಿಟ್ಟ.

ಹಬ್ಬಕ್ಕೆ ಮುಂಚಿನ ಮಂಗಳವಾರ ಸಂಜೆ ಬೀದಿಯಲ್ಲಿ ಸಣ್ಣ ಸಣ್ಣ ಬೆಂಕಿ ಹಾಕಿ ಅದರ ಮೇಲೆ ಹಾರುತ್ತಾರೆ. ನನ್ನ ಬಿಳಿಚು ನೀನು ತಗೋ, ನಿನ್ನ ಕೆಂಪು ನನಗೆ ಕೊಡು ಎಂದು ಬೆಂಕಿಗೇ ಹೇಳುತ್ತಾರೆ. ಹಬ್ಬದ ಮೇಜಿನ ಮೇಲೆ ಕನ್ನಡಿ, ಬಣ್ಣದ ಮೊಟ್ಟೆ, ಸೇಬು. ಎಲ್ಲಕ್ಕಿಂತ ಮುಖ್ಯ ಒಂದು ತಟ್ಟೆ ಗೋಧಿಯ ಮೊಳಕೆ. ಹಸಿರಾಗಿ ಗೇಣುದ್ದ ಬೆಳೆಸಿ ಇಡುತ್ತಾರೆ. ಹದಿಮೂರನೆಯ ದಿನ ಮನೆಮಂದಿಯೆಲ್ಲ ಹೊರಗೆ ಹೋಗಿ ಅದನ್ನು ಹರಿಯುವ ನೀರಿಗೆ ಬಿಡುತ್ತಾರೆ.

ಹೇಳಿ ಮುಗಿಸಿ ನನ್ನ ಹತ್ತಿರ ಒಂದು ಹಿಡಿ ಗೋಧಿ ಕೇಳಿದ. ಮನೆ ಬಿಟ್ಟು ಹನ್ನೊಂದು ವರ್ಷವಾಯಿತಂತೆ, ಒಮ್ಮೆಯೂ ಮೊಳಕೆ ಹಾಕಿಲ್ಲವಂತೆ. ಸ್ಟೀಲ್ ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ ಉಗ್ರಾಣದ ಕಿಟಕಿಯಲ್ಲಿ ಇಟ್ಟಿದ್ದೇವೆ. ದಿನಾ ಬೆಳಗ್ಗೆ ಪಾಳಿಗೆ ಹೋಗುವ ಮುನ್ನ ಬಂದು ನೀರು ಚಿಮುಕಿಸಿ ಹೋಗುತ್ತಾನೆ. ಮಗುವಿಗೆ ಸ್ನಾನ ಮಾಡಿಸಿದಂತೆ.

ಹಬ್ಬ ಕಳೆದ ಮೇಲೆ ವಿವರವಾಗಿ ಬರೆಯುತ್ತೇನೆ.

ತಮ್ಮ

---

ಮಾರ್ಚ್ 25

ಪ್ರೀತಿಯ ಅಕ್ಕನಿಗೂ ಮುದ್ದು ಮಕ್ಕಳಿಗೂ,

ವಸಂತದ ಹೊಸ ವರ್ಷ ನಮ್ಮ ಕ್ಯಾಂಪಿನಲ್ಲಿ ಬಹಳ ವಿಜೃಂಭಣೆಯಿಂದ ನಡೆಯಿತು. ಅಂದು ಎಲ್ಲರಿಗೂ ರಜೆ. ಮಂಗಳವಾರ ಸಂಜೆ ಅಂಗಳದಲ್ಲಿ ಏಳು ಬೆಂಕಿ ಹಾಕಿದೆವು. ಎಲ್ಲ ದೇಶದವರೂ ಸಾಲಾಗಿ ಹಾರಿದರು. ಹಬ್ಬದ ದಿನ ಉದ್ದನೆಯ ಮೇಜಿನ ಮೇಲೆ ಕನ್ನಡಿ, ಮೊಟ್ಟೆ, ಸೇಬುಗಳನ್ನು ಜೋಡಿಸಲಾಗಿತ್ತು. ನಡುವೆ ಹಸಿರು ಮೊಳಕೆಯ ತಟ್ಟೆ. ವೆಲ್ಡರ್ ಬಹಳ ಸಂತೋಷಪಟ್ಟನು. ಎಲ್ಲರೂ ಹಾಡಿ ಕುಣಿದರು.

ಮಕ್ಕಳಿಗೆಲ್ಲ ಸೌಟು ಮಾಮನ ಶುಭಾಶಯಗಳು.

---

ಏಪ್ರಿಲ್ 7

ತಮ್ಮಾ,

ನಿನ್ನ ಹಬ್ಬದ ಕಾಗದ ಬಂದ ದಿನ ಹೇಳಿದಂತೆಯೇ ಮಾಡಿದೆ. ಮನೆಯಿಂದ ಮಡಿಸುವ ಕುರ್ಚಿ ತಂದು ಮೆಟ್ಟಿಲ ಕೆಳಗೆ ಹಾಕಿ ಗುಬ್ಬಿಯನ್ನು ಅದರ ಮೇಲೆ ಕೂರಿಸಿದೆ. ಏಳು ಬೆಂಕಿಯವರೆಗೆ ಓದಿದ್ದೆ. ಅವಳು ಕುರ್ಚಿಯಿಂದ ಇಳಿದು ನಿಂತಳು.

“ಸುಳ್ಳು.”

ಐದು ತಿಂಗಳಲ್ಲಿ ಆ ಮಗು ಆಡಿದ ಮೊದಲ ಮಾತು ಅದು. ಸಂತೋಷಪಡಬೇಕೋ ನಾಚಿಕೆಪಡಬೇಕೋ ನನಗೆ ತಿಳಿಯಲಿಲ್ಲ.

“ಯಾವುದು ಪುಟ್ಟಾ ಸುಳ್ಳು?”

“ಬೆಂಕಿ ಸುಳ್ಳು. ಬೆಟ್ಟ ಕೊರೆಯೋ ಕಡೆ ಬಂಡೆ ಒಡೆಯೋ ಮದ್ದು ಇರತ್ತೆ. ಬೆಂಕಿಕಡ್ಡಿನೂ ಇಟ್ಕೊಳ್ಳೋ ಹಾಗಿಲ್ಲ. ಅಪ್ಪ ಹೇಳಿದಾರೆ.” ಆಮೇಲೆ, “ರಜಾನೂ ಸುಳ್ಳು. ಅಪ್ಪಂಗೆ ಹಬ್ಬದ ದಿನ ಡ್ಯೂಟಿ.”

ಮಕ್ಕಳೆಲ್ಲ ನನ್ನ ಮುಖ ನೋಡಿದರು. ನಾನು ಕಾಗದ ನೋಡಿದೆ. ಆಗ ಕಂಡಿತು: ಅದರಲ್ಲಿ ಒಂದೂ ತಮಾಷೆಯಿಲ್ಲ, ಯಾರೂ ಒಂದು ಮಾತೂ ಆಡಿಲ್ಲ, ಅತ್ತೆ ಇಲ್ಲ, ಕೋತಿ ಇಲ್ಲ. ‘ಜೋಡಿಸಲಾಗಿತ್ತು’ ಅಂತೆ! ನೀನು ಹುಟ್ಟಿದಾಗಿನಿಂದ ಆ ಪದ ಬಳಸಿದವನಲ್ಲ.

ನನ್ನ ಕಿವಿಗೆ ಹೂವಿಟ್ಟಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನೀನು ಇಟ್ಟಿದ್ದು ಅವಳ ಕಿವಿಗೆ, ಅವಳದೇ ಹಬ್ಬದ ಹೂವು. ಕಾಗದವನ್ನು ಹರಿದು ಹಾಕಿಲ್ಲ. ‘ಇದು ನಿಜವಲ್ಲ, ನಿಜ ಬರಲಿದೆ’ ಎಂದು ಮೇಲೆ ಬರೆದು ಮಕ್ಕಳ ಕಟ್ಟಿನಲ್ಲಿ ಇಟ್ಟಿದ್ದೇನೆ.

ನಿಜ ಕಳಿಸು.

ಅಕ್ಕ

---

ಏಪ್ರಿಲ್ 24

ತಮ್ಮಾ,

ಒಂದು ಲಾರಿ ಬಂದು ಹೋಗುವಷ್ಟು ದಿನವಾಯಿತು. ಕೋಪದಲ್ಲಿ ಬರೆದೆ, ನಿಜ. ಹಾಗೆಂದು ಅದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮಕ್ಕಳು ದಿನಾ ಕೇಳುತ್ತಾರೆ. ಗುಬ್ಬಿ ಕೇಳುವುದಿಲ್ಲ, ನನ್ನ ಚೀಲ ನೋಡುತ್ತಾಳೆ.

ಮೈಗೆ ಹುಷಾರಿದೆ ತಾನೇ? ಅಷ್ಟನ್ನಾದರೂ ಬರೆ.

ಅಕ್ಕ

---

ಮೇ 5

ಅಕ್ಕಾ,

ಮೈಗೇನೂ ಆಗಿಲ್ಲ. ನಾಲ್ಕು ಸಲ ಬರೆದು ಒಲೆಗೆ ಹಾಕಿದೆ. ಇದು ಐದನೆಯದು. ಮಕ್ಕಳಿಗೆ ಓದಬೇಕೋ ಬೇಡವೋ ನೀನೇ ನೋಡಿಕೋ.

ನಮಗೆ ಹಬ್ಬವಿಲ್ಲ ಅಕ್ಕಾ. ವರ್ಷಕ್ಕೆ ಎರಡು ದಿನ ಕೆಲಸ ನಿಲ್ಲುತ್ತದೆ, ಅದು ಯಂತ್ರಗಳ ರಿಪೇರಿಗೆ. ಹೊಸ ವರ್ಷಕ್ಕೆ ಯಾರೂ ಹಾರಲಿಲ್ಲ, ದ್ರಾಕ್ಷಿ ಬಂದಿರಲಿಲ್ಲ. ಇನ್ನೂರ ನಲವತ್ತು ಜನ ಎರಡು ಪಾಳಿಯಲ್ಲಿ ಒಳಗೆ ಹೋಗುತ್ತಾರೆ, ಬರುತ್ತಾರೆ, ತಿನ್ನುತ್ತಾರೆ, ಮಲಗುತ್ತಾರೆ. ನಾನು ಕೇಳಿದ್ದಕ್ಕೆ ಅವರು ಹೇಳಿದ್ದೆಲ್ಲ ಮಾತ್ರ ನಿಜ, ಅವರವರ ಊರಿನದು, ಚಿಕ್ಕಂದಿನದು. ಅಕ್ಕನಿಗೂ ಮಕ್ಕಳಿಗೂ ಇಲ್ಲಿನ ಬೋಳು ಗೋಡೆ ಯಾಕೆ ತೋರಿಸಲಿ ಎಂದುಕೊಂಡು ಮೇಲೆ ಬಣ್ಣ ಬಳಿದೆ.

ಆದರೆ ವಸಂತದ ಕಾಗದ ಸುಳ್ಳಾದದ್ದು ಆ ಕಾರಣಕ್ಕಲ್ಲ.

ಗೋಧಿ ಚೆನ್ನಾಗಿ ಬಂದಿತ್ತು. ನಾಲ್ಕು ಬೆರಳುದ್ದ, ಗಿಳಿಹಸಿರು. ಹಬ್ಬಕ್ಕೆ ಎರಡು ದಿನ ಇತ್ತು. ಅಡುಗೆಮನೆಯ ತಪಾಸಣೆಗೆ ಕಂಪನಿಯವರು ಬರುತ್ತಿದ್ದಾರೆಂದು ಬೆಳಗ್ಗೆ ಸುದ್ದಿ ಬಂತು. ಹೋದ ವರ್ಷ ಉಗ್ರಾಣದಲ್ಲಿ ಬೂಷ್ಟು ಕಂಡಿತೆಂದು ಒಬ್ಬ ಅಡುಗೆಯವನನ್ನು ಮನೆಗೆ ಕಳಿಸಿದ್ದರು. ಗಾಡಿಯ ಸದ್ದು ಕೇಳಿತು. ಕಿಟಕಿಯಲ್ಲಿ ಒದ್ದೆ ಬಟ್ಟೆ, ಬೇರು, ತಟ್ಟೆ. ತೆಗೆದು ನನ್ನ ಕೋಣೆಗೆ ಒಯ್ಯಬಹುದಿತ್ತು, ನಲವತ್ತು ಹೆಜ್ಜೆ. ಒಯ್ಯಲಿಲ್ಲ. ಕಸದ ಡಬ್ಬಕ್ಕೆ ಕೊಡವಿ ಮೇಲೆ ಈರುಳ್ಳಿ ಸಿಪ್ಪೆ ಸುರಿದೆ.

ಮರುದಿನ ಬೆಳಗ್ಗೆ ವೆಲ್ಡರ್ ಬಂದು ಖಾಲಿ ಕಿಟಕಿ ನೋಡಿದ. “ತಪಾಸಣೆಯವ್ರು ಎಸೆದ್ರು” ಎಂದೆ. ಅವನು ತಲೆಯಾಡಿಸಿ ಪಾಳಿಗೆ ಹೋದ. ಹಬ್ಬದ ದಿನವೂ ಪಾಳಿಗೆ ಹೋದ. ತಪಾಸಣೆಯವರು ಉಗ್ರಾಣದ ಒಳಗೇ ಬರಲಿಲ್ಲ ಅಕ್ಕಾ. ಬಾಗಿಲಲ್ಲೇ ನಿಂತು ಸಹಿ ಹಾಕಿ ಹೋದರು.

ಎಸೆದವನು ನಾನೇ. ಆ ಮಗುವಿಗೆ ಹೇಳು, ಅವಳು ಹೇಳಿದ್ದು ಸರಿ.

ತಮ್ಮ

---

ಮೇ 17

ತಮ್ಮಾ,

ಪೂರ್ತಿ ಓದಿದೆ, ಒಂದು ಸಾಲೂ ಬಿಡಲಿಲ್ಲ. ಈರುಳ್ಳಿ ಸಿಪ್ಪೆಯ ಜಾಗದಲ್ಲಿ ನಿಲ್ಲಿಸಿ, ನೀರು ಕುಡಿದು ಮುಂದುವರಿಸಿದೆ.

“ಟೀಚರ್, ಸೌಟು ಮಾಮ ಕೆಟ್ಟೋರಾ?” ಎಂದು ಮುಂದಿನ ಸಾಲಿನ ಹುಡುಗ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಗುಬ್ಬಿ ಹೇಳಿದಳು, “ಇಲ್ಲ. ಹೆದರಿದ್ರು. ನಮ್ಮಪ್ಪನೂ ಹೆದರ್ತಾರೆ.” ಇನ್ನೊಬ್ಬಳು, “ವೆಲ್ಡರ್ ಮಾಮಂಗೆ ಸಾರಿ ಕೇಳಿದ್ರಂತಾ?” ಎಂದಳು. ಕಾಗದದಲ್ಲಿ ಅದು ಇರಲಿಲ್ಲ. “ಇನ್ನೂ ಇಲ್ಲ” ಎಂದೆ. ಮೂವತ್ತೊಂದು ಮುಖಗಳು ನನ್ನನ್ನು ನೋಡಿದ ರೀತಿ ನೀನು ನೋಡಬೇಕಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಿನ್ನ ಕಾಗದ ಓದುತ್ತಾ ನಾನೂ ಹೆಗಲು ಮುಟ್ಟಿಕೊಂಡೆ. ನಾನೂ ನಿನಗೆ ಬಣ್ಣ ಬಳಿದ ಗೋಡೆಯನ್ನೇ ತೋರಿಸಿದ್ದು. ಹೊಟ್ಟೆ ತುಂಬಿದ ಮೇಲೆ ಚೆನ್ನಾಗಿ ಕೇಳುತ್ತಾರೆಂದು ಬರೆದೆನಲ್ಲ, ಮೆಟ್ಟಿಲ ಕೆಳಗೆ ಕೂರುವುದಕ್ಕೆ ಕಾರಣ ಅದಲ್ಲ. ಸುಣ್ಣ ಉದುರಿದ ಮಾರನೆಯ ದಿನವೇ ಹೆಡ್ ಮೇಡಂ ಬರಹದಲ್ಲಿ ಕೊಟ್ಟಿದ್ದಾರೆ: ಪಾಠದ ವೇಳೆಯಲ್ಲಿ ಈ ಕಾಗದ ಓದುವುದು ನಿಲ್ಲಬೇಕು. “ನಾನು ನಿಮ್ಮ ವೈರಿ ಅಲ್ಲ ಟೀಚರ್. ಇಬ್ಬರು ಪೋಷಕರು ದೂರು ಕೊಟ್ಟಿದಾರೆ. ಅಕ್ಷರ ಬಿಟ್ಟು ಪರದೇಶದ ಹಬ್ಬ ಹೇಳ್ಕೊಡ್ತಾರೆ ಅಂತ. ಮೇಲಿನವರಿಗೆ ಹೋದ್ರೆ ನನ್ನ ಕೈಲಿ ಏನಿರುತ್ತೆ?” ಎಂದರು. ಹೋದ ತಿಂಗಳು ಮೆಟ್ಟಿಲ ಕೆಳಗಿನದೂ ಗೊತ್ತಾಗಿ ಎರಡನೆಯ ನೋಟಿಸು ಬಂತು. ಮೂರನೆಯದು ಬಂದರೆ ನನಗೆ ಈ ತರಗತಿ ಇರುವುದಿಲ್ಲ.

ಕದ್ದು ಓದುವುದು ನನಗೂ ಸಾಕಾಗಿದೆ. ಪೋಷಕರ ಸಭೆಯಲ್ಲಿ ಈ ವಿಷಯ ಇಡಿ ಎಂದು ನಾನೇ ಬರೆದುಕೊಟ್ಟಿದ್ದೇನೆ. ದೂರು ಕೊಟ್ಟವರನ್ನೇ ಮುಂದೆ ಕೂರಿಸಿ ಎಂದೂ ಹೇಳಿದ್ದೇನೆ. ಏನಾಗುತ್ತದೋ ಆಗಲಿ.

ನನ್ನ ಕೆಲಸ ನಾನು ಮಾಡುತ್ತೇನೆ. ನೀನು ವೆಲ್ಡರ್ ಹತ್ತಿರ ಹೋಗು. ನನ್ನ ಹತ್ತಿರ ತಪ್ಪೊಪ್ಪಿಕೊಂಡರೆ ಅವನ ಲೆಕ್ಕಕ್ಕೆ ಬರುವುದಿಲ್ಲ.

ಅಕ್ಕ

---

ಜುಲೈ 2

ಅಕ್ಕಾ,

ಹೋದೆ. ಊಟದ ಸಾಲಿನಲ್ಲೇ ಹೇಳಿಬಿಟ್ಟೆ, ಆಮೇಲೆ ಎಂದರೆ ಧೈರ್ಯ ಉಳಿಯುವುದಿಲ್ಲವೆಂದು. “ನಿನ್ನ ಗೋಧಿ ಎಸೆದಿದ್ದು ತಪಾಸಣೆಯವ್ರಲ್ಲ. ನಾನು.” ಗುಬ್ಬಿ ನನ್ನ ಕಾಗದವನ್ನು ಸುಳ್ಳು ಎಂದದ್ದನ್ನೂ ಹೇಳಿದೆ. ಅವನು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಊಟ ಮಾಡದೆ ಹೋದ. ಒಂಬತ್ತು ದಿನ ನನ್ನ ಕೈಯ ಅನ್ನ ಮುಟ್ಟಲಿಲ್ಲ, ಆಚೆಯ ಕೌಂಟರಿಗೆ ಹೋಗಿ ನಿಲ್ಲುತ್ತಿದ್ದ. ಅಲ್ಲಿ ಸಾಲು ಉದ್ದ. ಎಲ್ಲರಿಗಿಂತ ಹಿಂದೆ ನಿಂತು ತಣ್ಣಗಾದದ್ದು ತಿನ್ನುತ್ತಿದ್ದ. ನಾನು ನೋಡುತ್ತಾ ಬಡಿಸುತ್ತಿದ್ದೆ.

ಹತ್ತನೆಯ ದಿನ ನನ್ನ ಎದುರು ಬಂದು ನಿಂತ. “ಆ ಹುಡುಗಿ ಸುಳ್ಳು ಅಂದ್ಳಲ್ಲ, ಜೋರಾಗಿ ಅಂದ್ಳಾ, ಮೆತ್ತಗಾ?” ಎಂದು ಕೇಳಿದ.

“ಜೋರಾಗಿ ಅಂದ್ಳಂತೆ.”

“ಸರಿ” ಎಂದು ತಟ್ಟೆ ಒಡ್ಡಿದ. ಆಮೇಲೆ ಹೇಳಿದ್ದು ಇದು: “ನಾವು ಇನ್ನೂರ ನಲವತ್ತು ಜನ ಇದ್ದೀವಿ. ನಮ್ಮಲ್ಲಿ ಒಬ್ರೂ ಜೋರಾಗಿ ಅಂದಿಲ್ಲ.”

ಮಾರನೆಯ ದಿನ ನಾವಿಬ್ಬರೂ ಸೈಟ್ ಮ್ಯಾನೇಜರ್ ಹತ್ತಿರ ಹೋದೆವು. ಕೇಳಿದ್ದು ಇಷ್ಟೇ: ವರ್ಷಕ್ಕೆ ಒಂದು ದಿನ, ಅವರವರ ಹಬ್ಬಕ್ಕೆ. “ಇದೇನು ಶಾಲೆ ಅಂದ್ಕೊಂಡ್ರಾ?” ಎಂದು ಬಾಗಿಲು ತೋರಿಸಿದ. ವಾರ ಬಿಟ್ಟು ಹನ್ನೆರಡು ಜನ ಹೋದೆವು. ಕೆಲಸ ನಿಲ್ಲಿಸೋಕಾಗಲ್ಲ ಎಂದ. ಆಗ ಸರ್ವೆಯವನಿಗೆ ಒಂದು ಉಪಾಯ ಹೊಳೆಯಿತು. ಊಟದ ಕೋಣೆಯ ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಗೆರೆ ಎಳೆದ. ಒಂದು ಕಡೆ ಯಾರ ದಿನ ಯಾವುದು, ಎದುರಿಗೆ ಆ ದಿನ ಅವನ ಪಾಳಿ ಯಾರು ಮಾಡುತ್ತಾರೆ. ತುಂಬಲು ಹದಿನೈದು ದಿನ ಬೇಕಾಯಿತು. ಒಬ್ಬರನ್ನೊಬ್ಬರು ಮಾತಾಡಿಸದ ಎರಡು ಪಾಳಿಯವರು ಹಾಳೆಯ ಮುಂದೆ ನಿಂತು “ನಿಂದು ನಾನ್ ಮಾಡ್ತೀನಿ, ನಂದು ನೀನ್ ಮಾಡು” ಎಂದು ಹರಕು ಮುರುಕು ಭಾಷೆಯಲ್ಲಿ ವ್ಯಾಪಾರ ಕುದುರಿಸಿದರು.

ಹಾಳೆ ಸುತ್ತಿಕೊಂಡು ಮೂರನೆಯ ಸಲ ಹೋದೆವು. ಮ್ಯಾನೇಜರ್ ನಿಂತೇ ಓದಿದ, ಆಮೇಲೆ ಕೂತು ಓದಿದ. “ಒಂದೇ ಒಂದು ಪಾಳಿ ಖಾಲಿ ಬಿದ್ರೂ ಅವತ್ತಿಗೇ ಇದು ರದ್ದು” ಎಂದ. ಒಪ್ಪಿಗೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ನಾವೂ ಮತ್ತೆ ಕೇಳದೆ ಹೊರಗೆ ಬಂದೆವು.

ನಿನ್ನ ಸಭೆ ಏನಾಯಿತು?

ತಮ್ಮ

---

ಜುಲೈ 19

ತಮ್ಮಾ,

ಸಭೆ ನಡೆಯಿತು. ದೂರು ಕೊಟ್ಟವರಲ್ಲಿ ಒಬ್ಬರು ಬಸ್ ಡ್ರೈವರ್. ಒಳ್ಳೆಯ ಮನುಷ್ಯ, ಮಗ ಓದಿನಲ್ಲಿ ಹಿಂದೆ ಬೀಳುತ್ತಾನೆಂಬ ಭಯ. ಎದ್ದು ನಿಂತು ಹೇಳಿದರು, “ಟೀಚರ್, ನಾನು ಓದ್ದೋನಲ್ಲ. ಅವನಾದ್ರೂ ಓದ್ಲಿ ಅಂತ ಕಳಿಸ್ತೀನಿ. ಯಾರೋ ಎಲ್ಲೋ ತಟ್ಟೆ ಒಡೆದ್ರೆ ನಮ್ಗೇನು? ಇವ್ನು ಮನೇಲಿ ಎರಡು ಒಡೆದ.” ಎಲ್ಲರೂ ನಕ್ಕರು, ನಾನೂ ನಕ್ಕೆ. ತಟ್ಟೆಯ ಅಪರಾಧ ನನ್ನದೆಂದು ಒಪ್ಪಿಕೊಂಡೆ. ನಂತರ ಅವರ ಮಗನ ನೋಟ್‌ಬುಕ್ ತೆಗೆದು ತೋರಿಸಿದೆ. ಜನವರಿಯಲ್ಲಿ ತನ್ನ ಹೆಸರು ಬರೆಯಲು ಒದ್ದಾಡುತ್ತಿದ್ದವನು ಮೇ ತಿಂಗಳಲ್ಲಿ ವೆಲ್ಡರ್ ಮಾಮನಿಗೆ ಅಂತ ಏಳು ಸಾಲು ಬರೆದಿದ್ದಾನೆ.

ಆಗ ಹಿಂದಿನ ಬೆಂಚಿನಿಂದ ಗುಬ್ಬಿಯ ತಾಯಿ ಎದ್ದರು. ಅವರಿಗೆ ನಮ್ಮ ಭಾಷೆ ಬರುವುದಿಲ್ಲ. ಮಗಳನ್ನು ಬೆಂಚಿನ ಮೇಲೆ ನಿಲ್ಲಿಸಿ ತಮ್ಮ ಭಾಷೆಯಲ್ಲಿ ನಿಧಾನವಾಗಿ ಮಾತಾಡಿದರು. ವರ್ಷದ ಅರ್ಧ ಬಾಯಿ ಬಿಡದ ಆ ಮಗು ಅರವತ್ತು ಜನ ದೊಡ್ಡವರ ಮುಂದೆ ಅದನ್ನು ನಮಗೆ ಹೇಳಿತು. ದನಿ ನಡುಗಲಿಲ್ಲ.

“ಅಮ್ಮ ಹೇಳ್ತಾರೆ, ನನ್ನ ಮಗಳು ಮನೇಲಿ ನಿಮ್ಮ ಐದೂ ಹಬ್ಬದ ಹೆಸರು ಹೇಳ್ತಾಳೆ. ನನಗೂ ಕಲಿಸಿದಾಳೆ. ನೀವು ನಮ್ಮದು ಒಂದು ಕಲಿತರೆ ಸಾಕು.”

ಡ್ರೈವರ್ ಕತ್ತು ಕೆರೆದುಕೊಂಡು, “ಒಂದು ತಾನೇ? ಕಲೀಲಿ ಬಿಡಿ” ಎಂದು ಕೂತರು.

ಶುಕ್ರವಾರದ ಕೊನೆಯ ಪೀರಿಯಡ್ ಈಗ ವೇಳಾಪಟ್ಟಿಯಲ್ಲೇ ಇದೆ. ಕೋಣೆ ಮಾತ್ರ ನೆಲಮಹಡಿಯಲ್ಲಿ, ಅದು ಹೆಡ್ ಮೇಡಂ ಷರತ್ತು. ಇನ್ನೊಂದು ಸುದ್ದಿಯನ್ನು ಮುಚ್ಚಿಡುವುದಿಲ್ಲ. ನೋಟಿಸು ಮೀರಿದ್ದಕ್ಕೆ ಏನಾದರೂ ಆಗಲೇಬೇಕಿತ್ತು. ಆಗಸ್ಟಿನಲ್ಲಿ ಶುರುವಾಗುವ ನಮ್ಮ ಹೊಸ ಶಾಲಾ ವರ್ಷದಿಂದ ನನಗೆ ಒಂದನೇ ತರಗತಿ ಇಲ್ಲ, ಐದನೆಯದರ ಲೆಕ್ಕದ ಪಾಠ. ಶುಕ್ರವಾರವನ್ನು ಹೊಸದಾಗಿ ಬಂದ ಟೀಚರ್ ನೋಡಿಕೊಳ್ಳುತ್ತಾಳೆ. ನಿನ್ನ ಕಾಗದಗಳ ಕಟ್ಟನ್ನು, ಸುಳ್ಳಿನದೂ ಸೇರಿಸಿ, ಅವಳ ಕೈಗೆ ಒಪ್ಪಿಸಿದೆ. ಮನೆಗೆ ಬಂದು ಅತ್ತುಬಿಟ್ಟೆ. ಮುಖ ತೊಳೆದುಕೊಂಡು ಭಿನ್ನರಾಶಿಯ ಪುಸ್ತಕ ತೆರೆದೆ. ಐದನೆಯವರೂ ಮಕ್ಕಳೇ ತಾನೇ?

ಅಕ್ಕ

---

ಸೆಪ್ಟೆಂಬರ್ 20

ತಮ್ಮಾ,

ಗುಬ್ಬಿ ಎರಡನೆಯ ತರಗತಿಗೆ ಹೋದಳು. ಈಗ ಮಾತು ನಿಲ್ಲಿಸುವುದೇ ಕಷ್ಟವಂತೆ, ಅವಳ ಹೊಸ ಟೀಚರ್ ನನ್ನ ಹತ್ತಿರ ದೂರು ಹೇಳಿದಳು. ಆ ದೂರನ್ನು ಸಿಹಿ ತಿಂದ ಹಾಗೆ ಕೇಳಿಸಿಕೊಂಡೆ.

ನಿನ್ನೆ ವರಾಂಡದಲ್ಲಿ ನನ್ನ ಸೆರಗು ಹಿಡಿದು ಒಂದು ಪ್ರಶ್ನೆ ಕೇಳಿದಳು. ನನಗೂ ಉತ್ತರ ಗೊತ್ತಿಲ್ಲ, ನಿನಗೇ ಕಳಿಸುತ್ತಿದ್ದೇನೆ: “ಎಲ್ಲರ ಹಬ್ಬದ ದಿನಾನೂ ಸೌಟು ಮಾಮ ಅಡುಗೆ ಮಾಡ್ತಾರಲ್ಲ, ಅವರ ದಿನ ಯಾವುದು?”

ಅಕ್ಕ

---

ಅಕ್ಟೋಬರ್ 21

ಅಕ್ಕಾ,

ಮೊದಲು ಸುದ್ದಿ. ಇದುವರೆಗೆ ಒಂದು ಪಾಳಿಯೂ ಖಾಲಿ ಬಿದ್ದಿಲ್ಲ. ಸೆಪ್ಟೆಂಬರಿನಲ್ಲಿ ಡ್ರಿಲ್ಲಿಂಗಿನವನ ಹೊಸ ವರ್ಷ ಇತ್ತು. ಅವನ ದೇಶದಲ್ಲಿ ಹೆಣ್ಣುಮಕ್ಕಳು ಹಳದಿ ಹೂ ಹಿಡಿದು ಮನೆಮನೆಗೆ ಹಾಡುತ್ತಾ ಹೋಗುತ್ತಾರೆ. ಇಲ್ಲಿ ಹೂವೂ ಇಲ್ಲ, ಹೆಣ್ಣುಮಕ್ಕಳೂ ಇಲ್ಲ. ಒಗೆದ ಅಂಗಿ ಹಾಕಿಕೊಂಡು ಬಾಗಿಲ ಬಳಿ ಕೂತಿದ್ದ. ಪಾಳಿಗೆ ಹೋಗುವವರೆಲ್ಲ ಅವನ ಕೈ ಕುಲುಕಿ ಹೋದರು. ಸಂಜೆ “ಏನ್ ಮಾಡ್ದೆ ಇಡೀ ದಿನ?” ಎಂದು ಕೇಳಿದೆ. “ಬಿಸಿಲು ನೋಡಿದೆ” ಅಂದ. ಸುರಂಗದವನಿಗೆ ಅದೇ ದೊಡ್ಡದು.

ಇನ್ನು ಗುಬ್ಬಿಯ ಪ್ರಶ್ನೆ. ಹಾಳೆಯಲ್ಲಿ ಇನ್ನೂರ ನಲವತ್ತು ಹೆಸರಿತ್ತು, ನನ್ನದು ಇರಲಿಲ್ಲ. ನನಗೇ ಗಮನಕ್ಕೆ ಬಂದಿರಲಿಲ್ಲ. ನಿನ್ನ ಕಾಗದವನ್ನು ವೆಲ್ಡರ್‌ಗೆ ಓದಿ ಹೇಳಿದೆ. ಅವನು ಎದ್ದು ಹೋಗಿ ಹಾಳೆಯ ತುದಿಗೆ ಒಂದು ಗೆರೆ ಎಳೆದು ಅಕ್ಟೋಬರ್ 18 ಎಂದು ಬರೆದ. “ಅವತ್ತು ಯಾವ ಹಬ್ಬ?” ಎಂದೆ. “ಯಾವುದೂ ಅಲ್ಲ. ನಂಗೆ ಪಾಳಿ ಇಲ್ಲ ಅವತ್ತು” ಅಂದ.

ಹದಿನೆಂಟರಂದು ನನ್ನನ್ನು ಅಡುಗೆಮನೆಯೊಳಗೆ ಬಿಡಲಿಲ್ಲ. ಒಳಗೆ ವೆಲ್ಡರ್, ಬಡಗಿ, ಕ್ರೇನ್‌ನವನು. ಏನೋ ಸುಟ್ಟ ವಾಸನೆ, ಏನೋ ಬಿದ್ದ ಸದ್ದು, ಮೂರು ಭಾಷೆಯಲ್ಲಿ ಜಗಳ. ಒಳಗೆ ನುಗ್ಗಲು ಕೈಕಾಲು ತುರಿಸುತ್ತಿತ್ತು. ತಡೆದುಕೊಂಡು ಕೂತೆ. ಮಧ್ಯಾಹ್ನ ಎಲ್ಲರ ಹಾಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಹಿಡಿದೆಳೆದು ಬೆಂಚಿನ ಮೇಲೆ ಕೂರಿಸಿದರು. ವೆಲ್ಡರ್ ನನ್ನ ಸೌಟು ಹಿಡಿದುಕೊಂಡು ಬಂದು ಬಡಿಸಿ, ಎದುರಿಗೇ ನಿಂತ.

ಸೌಟು ಹಿಡಿದ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರು ಬಡಿಸಿದ ಊಟ ಕೂತು ಉಂಡೆ ಅಕ್ಕಾ. ಅನ್ನ ತಳ ಹಿಡಿದಿತ್ತು, ಉಪ್ಪು ಎರಡು ಪಾಲು ಹೆಚ್ಚಾಗಿತ್ತು. “ಹೇಗಿದೆ?” ಎಂದ.

“ಉಪ್ಪು ಜಾಸ್ತಿ ಆಗಿದೆ” ಎಂದು ನಿಜವನ್ನೇ ಹೇಳಿ, ತಟ್ಟೆ ಮುಂದೆ ಚಾಚಿ ಇನ್ನೊಂದು ಸಲ ಹಾಕಿಸಿಕೊಂಡೆ.

ನಿನ್ನ ತಮ್ಮ